ಎರಡು ಬಿರುಗಾಳಿ ಮತ್ತು ಹುಸೇನಬಿಯ ಮನೆ

ನಿಜಾಮರ ಕಾಲದ ಸೇಡಂ ಎಂದರೆ ನನಗೆ ನೆನಪಾಗುವುದು ಚಪ್ಪಟೆ ಮಾಡಿಗೆ ಮಣ್ಣು ಹೊದಿಸಿದ ಮಾಳಿಗೆಗಳು, ಮಧ್ಯಾಹ್ನದ ಓಣಿಯ ತುಂಬ ಹರಡುತ್ತಿದ್ದ ಜೋಳದ ರೊಟ್ಟಿಯ ವಾಸನೆ, ಮತ್ತು ಎರಡು ಬಿರುಗಾಳಿಗಳು.

ಮೊದಲನೆಯದು ಬಂದಾಗ ನಾನಿನ್ನೂ ಶಾಲೆಯ ಮುಖ ಕಂಡಿರಲಿಲ್ಲ. ಬೇಸಿಗೆಯ ಕೊನೆ. ಪಕ್ಕದ ಮನೆಯ ಜೈನಬಿ ನನಗಿಂತ ದೊಡ್ಡವಳು. ಇಬ್ಬರೂ ನಮ್ಮ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು. ಅವಳ ತಾಯಿ ಹುಸೇನಬಿ ಗಂಡ ತೀರಿದ ಮೇಲೆ ಮನೆಮನೆಗೆ ಬಳೆ ಮಾರಿ ಮಗಳನ್ನು ಸಾಕುತ್ತಿದ್ದಳು. ಒಮ್ಮೆಲೇ ಆಕಾಶ ಕಪ್ಪಿಟ್ಟಿತು. ಧೂಳು ಕಣ್ಣಿಗೆ ರಾಚಿತು, ಹಿಂದೆಯೇ ಆಲಿಕಲ್ಲು ಬಿತ್ತು. ನಾವು ನೋಡುತ್ತಿದ್ದಂತೆಯೇ ಹುಸೇನಬಿಯ ಮನೆಯ ಹುಲ್ಲಿನ ಮಾಡು ಪೂರಾ ಮೇಲೆದ್ದು ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಸಿಕ್ಕಿಕೊಂಡಿತು.

ಬಳೆಯ ಗಂಟನ್ನು ಎದೆಗವಚಿಕೊಂಡು ಹುಸೇನಬಿ ಓಡಿ ಬಂದಳು. "ಅವ್ವಾರ, ಮನಿ ಹೋತ್ರಿ! ಜೈನಬಿ ಎಲ್ಲಿ?"

"ಇಲ್ಲೇ ಇದ್ದಾಳ, ಅಳಬ್ಯಾಡ. ಕುಂದರು," ಎಂದಳು ಆಯಿ.

ಆಯಿ ನನ್ನ ಅಪ್ಪನ ತಾಯಿ. ಲಿಂಗಪೂಜೆಯಾಗದೆ ಗುಟುಕು ನೀರೂ ಕುಡಿಯದವಳು. ತಾಯಿ-ಮಗಳಿಗೆ ಒಣಗಿದ ಸೀರೆ ಕೊಟ್ಟಳು, ಬಿಸಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟಳು. ಓಣಿಯ ಗಂಡಸರು ಹೊಸ ಮಾಡು ಹೊದಿಸುವ ತನಕ ಅವರು ನಮ್ಮ ಪಡಸಾಲೆಯಲ್ಲೇ ಉಳಿದರು. ಆದರೆ ನಡುಮನೆಯ ಹೊಸ್ತಿಲು ದಾಟಿ ಬಾ ಎಂದು ಆಯಿ ಕರೆಯಲಿಲ್ಲ, ಹುಸೇನಬಿ ದಾಟಲೂ ಇಲ್ಲ. ನಮ್ಮ ಮಾಳಿಗೆಗೆ ಗಾಳಿ ಏನೂ ಮಾಡಿರಲಿಲ್ಲ. ಆಯಿಗೆ ಅದೇ ಒಂದು ಹೆಮ್ಮೆ.

ಕೆಲವು ವರ್ಷಗಳ ಮೇಲೆ ಜೈನಬಿಯನ್ನು ಶಹಾಬಾದಿನ ಕಲ್ಲುಗಣಿಯ ಹುಡುಗನಿಗೆ ಕೊಟ್ಟರು. ಆ ಪುಣ್ಯಾತ್ಮ ಬಂಡಿಯ ಮೇಲೆ ಪರ್ಸಿಕಲ್ಲಿನ ಚಪ್ಪಡಿ ಹೇರಿಕೊಂಡು ಬಂದು ಅತ್ತೆಯ ಮನೆಗೆ ಕಲ್ಲಿನ ಮಾಡು ಹಾಕಿಸಿದ.

ಎರಡನೆಯ ಗಾಳಿ ಮಳೆಗಾಲದ ನಡುವೆ ಬಂತು. ಗಾಳಿಯ ಜೊತೆ ಬಿಡದೆ ಹೊಡೆದ ಮಳೆ, ಕಾಗಿಣಾ ಹೊಳೆ ತುಂಬಿತು. ನಮ್ಮ ಮಾಳಿಗೆ ನೀರು ಕುಡಿದು ಕುಡಿದು ಭಾರವಾಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ಗೋಡೆ ಕುಸಿಯಿತು. ಅಪ್ಪ ನಮ್ಮನ್ನೆಲ್ಲ ಹುಸೇನಬಿಯ ಮನೆಗೆ ಸಾಗಿಸಿದ. ಆಯಿ ಮಾತ್ರ ಏಳಲೊಲ್ಲಳು.

"ನಾ ಬರಂಗಿಲ್ಲ. ಈ ಮನಿಗಿ ಸೊಸಿ ಆಗಿ ಬಂದೀನಿ, ಇಲ್ಲೇ ಹೋಗ್ತೀನಿ."

ಅಪ್ಪ ಬೇಡಿಕೊಂಡ. ಅವನ ಬೆನ್ನು ಹತ್ತಿ ಮರಳಿ ಬಂದಿದ್ದ ನಾನು ಅಳುತ್ತಾ ಹಿಂದೆಯೇ ನಿಂತಿದ್ದೆ. ತೊಲೆಗಳ ಸಂದಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಹುಸೇನಬಿ ಬಂದಳು. ನಡುಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ದಾಟಿಯೇ ಬಿಟ್ಟಳು.

"ಅವ್ವಾರ, ನಮ್ಮ ಮನ್ಯಾಗ ಒಂದ್ ಮೂಲಿ ಸಾರಿಸಿ ಬಿಟ್ಟೀನಿ. ನಿಮ್ಮ ಪೂಜಾ ನೀವು ಮಾಡ್ಕೋರಿ, ಆ ಕಡಿ ಯಾರೂ ಬರಂಗಿಲ್ಲ. ಏಳ್ರಿ."

ಆಯಿ ಸೆರಗು ಹೊದ್ದು ಇನ್ನೂ ಗಟ್ಟಿಯಾಗಿ ಕುಳಿತಳು.

"ಏಳಂಗಿಲ್ಲೇನು? ಆಯ್ತು, ನಾನೂ ಇಲ್ಲೇ ಕುಂದರ್ತೀನಿ." ಹುಸೇನಬಿ ಕೆಸರಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟಳು.

ಆಯಿ ಗಾಬರಿಯಾದಳು. "ಹುಚ್ಚಿ, ಏಳ! ಮ್ಯಾಲ ಮಣ್ಣು ಬೀಳಾಕತ್ತದ! ಜೈನಬಿ ಬಸುರದಾಳ, ಬಾಣಂತನ ಯಾರು ಮಾಡ್ತಾರ?"

"ಹಂಗಾದ್ರ ನೀವು ಮೊದಲು ಏಳ್ರಿ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಎದ್ದರು. ನಾವೆಲ್ಲ ಅಂಗಳ ದಾಟಿದ್ದೆವೋ ಇಲ್ಲವೋ, ನಡುಮನೆಯ ಮಾಳಿಗೆ ಧೊಪ್ಪೆಂದು ಕೂತಿತು.

ಓಣಿಯ ಅರ್ಧ ಜನ ಆ ಕಲ್ಲಿನ ಮಾಡಿನ ಕೆಳಗೆ ಸೇರಿದ್ದರು. ಹಸಿ ಕಂಬಳಿಯ ವಾಸನೆ, ಲೋಬಾನದ ಹೊಗೆ. ಮೂಲೆಯಲ್ಲಿ ಆಯಿ ಪೂಜೆಗೆ ಕೂತರೆ ಹುಸೇನಬಿ ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ ಆಯಿ ತಾನಾಗಿಯೇ ಅವಳಿಂದ ಬೆಲ್ಲದ ಚಹಾ ಕೇಳಿ ಕುಡಿದಳು. ನನ್ನ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೊದಲ ಗಾಳಿ ಒಂದು ಮನೆಯ ಮಾಡು ಹಾರಿಸಿತ್ತು, ಎರಡನೆಯದು ಅರ್ಧ ಓಣಿಯನ್ನೇ ಮಲಗಿಸಿತು. ಆದರೂ ನಮ್ಮ ಮನೆಯವರು ನಗುನಗುತ್ತಾ ನೆನೆಯುತ್ತಿದ್ದುದು ಎರಡನೆಯದನ್ನೇ. ಮನೆ ಮತ್ತೆ ಕಟ್ಟಿದ ಮೇಲೆ ಹುಸೇನಬಿ ಬಂದು ವಾಡಿಕೆಯಂತೆ ಪಡಸಾಲೆಯಲ್ಲಿ ಕುಳಿತಳು. ಒಲೆಯ ಮುಂದಿನಿಂದ ಆಯಿ ಕೂಗಿದಳು: "ಅಲ್ಲ್ಯಾಕ ಕುಂತಿ? ಒಳಗ ಬಾ, ರೊಟ್ಟಿ ಬಡಿಲಿಕತ್ತೀನಿ. ಮಾತಾಡ್ಕೋತ ಕುಂದರು."

ನಿಜಾಮರ ರಾಜ್ಯ ಮುಗಿದ ವರ್ಷ ಹುಸೇನಬಿ ಮಗಳ ಊರಿಗೆ ಹೋದಳು, ತಿರುಗಿ ಬರಲಿಲ್ಲ. ಆಯಿಯೂ ಹೆಚ್ಚು ಕಾಲ ಉಳಿಯಲಿಲ್ಲ. ಈಗ ನಾನು ಕಲಬುರಗಿಯಲ್ಲಿದ್ದೇನೆ. ಎಂಥ ಗಾಳಿಗೂ ಅಲುಗದ ಸಿಮೆಂಟಿನ ಮನೆ. ಪಕ್ಕದವರು ಒಳ್ಳೆಯವರು, ಎದುರಾದರೆ ಕೈಮುಗಿಯುತ್ತಾರೆ. ಇಲ್ಲಿಗೆ ಬಂದು ಎಷ್ಟೋ ವರ್ಷಗಳಾದವು. ಅವರ ಅಡುಗೆಮನೆ ಯಾವ ಕಡೆಗಿದೆ ಎಂಬುದು ನನಗೆ ಇನ್ನೂ ಗೊತ್ತಿಲ್ಲ.