ಅಜ್ಜಿ ಮಲಗುವಷ್ಟು ನೆಲ

ಆ ವರ್ಷ ಗಾಳಿಬೀಡಿನ ನಮ್ಮ ಮನೆಯಲ್ಲಿ ಸಗಣಿ ಇರಲಿಲ್ಲ. ಈಗ ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ಮಣ್ಣಿನ ನೆಲದ ಮನೆಗೆ ಸಗಣಿ ಇಲ್ಲವೆಂದರೆ ಏನು ಗತಿ ಎಂಬುದು ಸಿಮೆಂಟಿನ ಮೇಲೆ ಹುಟ್ಟಿದವರಿಗೆ ತಿಳಿಯುವುದಿಲ್ಲ.

ಬ್ರಿಟಿಷರ ಕಾಲ ಅದು. ನಾಟಿ ಮುಗಿದ ಮೇಲೆ ದನಗಳಿಗೆ ದೊಡ್ಡರೋಗ ಬಂತು. ನೋಡುನೋಡುತ್ತಿದ್ದಂತೆ ನಮ್ಮ ದನದ ಹಟ್ಟಿ ಖಾಲಿಯಾಯಿತು. ಸರ್ಕಾರದ ಕಡೆಯವರು ಬಂದು ಹಟ್ಟಿಯ ಸೊಪ್ಪನ್ನು ಸುಡಿಸಿ, ಗೊಬ್ಬರದ ಗುಂಡಿಗೆ ಸುಣ್ಣ ಹೊಯ್ದು ಮುಚ್ಚಿಸಿದರು. ಒಂದು ಹಟ್ಟಿಯ ಸಗಣಿ ಇನ್ನೊಂದು ಮನೆಯ ಗಡಿ ದಾಟಬಾರದೆಂದು ಊರಿನವರು ಸೇರಿ ಕಟ್ಟುಪಾಡು ಮಾಡಿಕೊಂಡರು.

ಸಾರಿಸದ ನೆಲ ಮೊದಲು ಬಿಳಿಚಿಕೊಂಡಿತು, ಆಮೇಲೆ ಬಿರಿಯಿತು. ಗುಡಿಸಿದರೆ ಕಸದ ಜೊತೆ ನೆಲವೇ ಎದ್ದು ಬರುತ್ತಿತ್ತು. ಬಿರುಕುಗಳಲ್ಲಿ ಚಿಗಟ ಸೇರಿಕೊಂಡವು. ಬೂದಿ ಎರಚಿದೆ, ನೀರು ಚಿಮುಕಿಸಿದೆ, ಎಲ್ಲವೂ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತು.

ಆ ಹೊತ್ತಿಗೇ ನನ್ನ ಗಂಡನ ಅಜ್ಜಿ ಹಾಸಿಗೆ ಹಿಡಿದರು. ನಾನು ತಾಯಿಯಿಲ್ಲದ ಮನೆಯಿಂದ ಬಂದವಳು, ನೆಲ ಸಾರಿಸಲೂ ಬರುತ್ತಿರಲಿಲ್ಲ. ಅತ್ತೆ ಅದನ್ನು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅಜ್ಜಿ ಮಾತ್ರ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ತೆಂಗಿನ ಚಿಪ್ಪು ಸುಟ್ಟ ಮಸಿಯನ್ನು ಎಷ್ಟು ಬೆರೆಸಬೇಕು, ಅಂಗೈ ಎತ್ತದೆ ಹೇಗೆ ಬೀಸಬೇಕು, ಗೋಡೆಯ ಅಂಚಿಗೆ ಬೆರಳನ್ನು ಹೇಗೆ ಮಡಚಬೇಕು ಎಂದು ತೋರಿಸಿಕೊಟ್ಟರು. ಆ ಮನೆಯಲ್ಲಿ ನನಗೆ ಇದ್ದದ್ದು ಅವರೊಬ್ಬರೇ.

ಜೀವ ಹೋಗುವ ಮುಂಚೆ ಮನುಷ್ಯರನ್ನು ಮಂಚದಿಂದ ಇಳಿಸಿ, ಆಗಷ್ಟೇ ಸಾರಿಸಿದ ನೆಲದ ಮೇಲೆ ಮಲಗಿಸುವುದು ನಮ್ಮಲ್ಲಿನ ಪದ್ಧತಿ. ಅಜ್ಜಿಗೆ ತನ್ನ ಕಾಲ ಬಂದದ್ದು ತಿಳಿದಿತ್ತು, ನೆಲದ ಪಾಡೂ ತಿಳಿದಿತ್ತು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು, "ಸಾರ್ಸದೆ ನನ್ನ ನೆಲಕ್ಕೆ ಇಳ್ಸಬೇಡಿ ಮಗಾ" ಎಂದರು. ಗಂಜಿ ಬೇಡ, ಮದ್ದು ಬೇಡ, ಅವರು ಕೇಳಿದ್ದು ಅಷ್ಟೇ.

ಪಕ್ಕದ ಮನೆಗೆ ಓಡಿದೆ. ಅವರ ಹಟ್ಟಿಯಲ್ಲಿ ದನ ಮೆಲುಕು ಹಾಕುವ ಸದ್ದು ಕೇಳಿಸುತ್ತಿತ್ತು. ಆ ಮನೆಯ ಅಕ್ಕ ಅಂಗಳ ದಾಟಲು ಬಿಡಲಿಲ್ಲ. "ಕೊಡಿಕೆ ಮನಸಿಲ್ಲೆ ಅಂತ ಅಲ್ಲ, ಎರಡು ದನ ಆದರೂ ಉಳ್ದುಟ್ಟು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಾಲು ಹಿಡಿಯಲೂ ತಯಾರಿದ್ದೆ, ಆದರೆ ನನ್ನ ಕಾಲಿನ ಮಣ್ಣಿನಲ್ಲೇ ರೋಗ ಬಂದರೆ ಎಂದು ಹೆದರಿ ಹಿಂದೆ ಬಂದೆ. ಎತ್ತಿನ ಸಗಣಿಯಾದರೂ ಬಿದ್ದಿದೆಯೇ ಎಂದು ಗಾಡಿ ಹೋಗುವ ರಸ್ತೆಗಿಳಿದು ನೋಡಿದೆ. ಸಂಪಾಜೆ ಕಡೆಯಿಂದ ಬರುವ ಎತ್ತಿನ ಗಾಡಿಗಳೂ ನಿಂತುಹೋಗಿದ್ದವು. ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ.

ನನ್ನ ಗಂಡ ದೊರೆಯ ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಲೆಕ್ಕ ಬರೆಯುವ ರೈಟರನ್ನು ಬೇಡಿ ಒಂದು ಬಾಟಲಿ ಫಿನಾಯಿಲು ತಂದರು. ಬಂಗಲೆಯಲ್ಲಿ ಇದರಲ್ಲೇ ತೊಳೆಯುತ್ತಾರಂತೆ, ಒಂದು ಹುಳವೂ ಉಳಿಯುವುದಿಲ್ಲವಂತೆ. ಬಂಗಲೆಗೆ ಕಲ್ಲಿನ ನೆಲ. ನಮ್ಮ ಮಣ್ಣು ಅದನ್ನು ಕುಡಿದು ಕೆಸರಾಯಿತು. ಮನೆತುಂಬ ಆಸ್ಪತ್ರೆಯ ವಾಸನೆ. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಉಸಿರು ಆಗಲೇ ಮೇಲೆ ಮೇಲೆ ಆಡುತ್ತಿತ್ತು.

ಇನ್ನೇನೂ ತೋಚದೆ ತಲೆಯೆತ್ತಿದಾಗ ಅಟ್ಟದ ಮೊರ ಕಂಡಿತು. ಅದರ ಹಿಂದೆ ಕುಕ್ಕೆಗಳು, ಭತ್ತ ತುಂಬುವ ದೊಡ್ಡ ಬಿದಿರಿನ ಕಣಜ. ಸಂದಿಯಲ್ಲಿ ಕಾಳು ಸೋರದಿರಲೆಂದು ಅವಕ್ಕೆಲ್ಲ ಸಗಣಿ ಬಳಿಯುವುದು ವಾಡಿಕೆ. ಹಿಂದಿನ ವರ್ಷ ರೋಗದ ಸುಳಿವೇ ಇಲ್ಲದಾಗ, ಅಜ್ಜಿ ಅಂಗಳದ ಬಿಸಿಲಿನಲ್ಲಿ ಕುಳಿತು ತಮ್ಮ ಕೈಯಿಂದಲೇ ಬಳಿದಿದ್ದರು.

ನಾನು ಎಲ್ಲವನ್ನೂ ಇಳಿಸಿ ಬಿಸಿನೀರು ಹೊಯ್ದು ಕೆರೆಯತೊಡಗಿದೆ. ಅತ್ತೆ ಓಡಿ ಬಂದು ನನ್ನ ರಟ್ಟೆ ಹಿಡಿದರು. "ನಿಂಗೆ ತಲೆ ಕೆಟ್ಟುಟ್ಟಾ? ಕೊಯ್ಲಿಗೆ ಬತ್ತ ಎಲ್ಲಿ ತುಂಬ್ದು?"

"ನೆಲದ ಮೇಲೆ ಸುರಿಯಿರಿ" ಎಂದೆ. ಅತ್ತೆಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ನನ್ನ ಮುಖ ನೋಡಿದರು, ಒಳಗೆ ಮಂಚದ ಕಡೆ ನೋಡಿದರು, ಆಮೇಲೆ ಕುಳಿತು ಇನ್ನೊಂದು ಕುಕ್ಕೆ ಕೆರೆದರು.

ಸಿಕ್ಕಿದ್ದು ಅರ್ಧ ಮಡಕೆ. ನಡುಮನೆಯಲ್ಲಿ ಅಜ್ಜಿ ಮಲಗುವಷ್ಟು ಜಾಗಕ್ಕೆ ಮಾತ್ರ ಸಾಕಾಗುತ್ತಿತ್ತು. ಮಸಿ ಬೆರೆಸಿ, ಅಂಗೈ ಎತ್ತದೆ ಹಿಂದೆ ಹಿಂದೆ ಸರಿಯುತ್ತ ಸಾರಿಸಿದೆ. ಕಣ್ಣೀರು ಬೀಳುತ್ತಿತ್ತು, ಅದನ್ನೂ ಸೇರಿಸಿ ಸಾರಿಸಿದೆ. ಒದ್ದೆ ಆರುವಷ್ಟು ಸಮಯವಿರಲಿಲ್ಲ. ಮೂವರೂ ಸೇರಿ ಚಾಪೆ ಸಮೇತ ಅವರನ್ನು ಇಳಿಸಿದೆವು.

ಅಜ್ಜಿಯ ಕೈ ಚಾಪೆಯಿಂದಾಚೆ ಜಾರಿ ನೆಲ ಸವರಿತು. ಮೂಗಿನ ಹೊಳ್ಳೆ ಅಲುಗಿತು. ಬಾಯಿ ಹತ್ತಿರ ಕಿವಿಯಿಟ್ಟೆ.

"ಅಂಚಿಲಿ ಬಿಟ್ಟುಹೋಗುಟ್ಟು" ಎಂದರು.

ನಿಜ, ಒಂದು ಗೆರೆಯಷ್ಟು ಬಿಟ್ಟುಹೋಗಿತ್ತು. ಮಡಕೆಯ ತಳ ಬಳಿದು, ಬೆರಳು ಮಡಚಿ, ಅವರ ಕೈಯ ಪಕ್ಕದಲ್ಲೇ ಎಳೆದೆ. ಅವರ ಬೆರಳು ಮತ್ತೆ ಹಾದು, ಅಲ್ಲೇ ನಿಂತಿತು.

ಹೆಣ ಎತ್ತಿದ ಜಾಗವನ್ನು ಮತ್ತೆ ಸಾರಿಸಿ ಮನೆ ಶುದ್ಧ ಮಾಡಬೇಕು. ಯಾವುದರಿಂದ ಮಾಡುವುದು? ಆ ಸಲ ಕೊಯ್ದ ಭತ್ತ ಬರಿ ಬಿದಿರಿನ ಸಂದಿಯಿಂದ ಸೋರುತ್ತಿತ್ತು, ನಾನು ದಿನಾ ಧೂಳಿನಿಂದ ಹೆಕ್ಕುತ್ತಿದ್ದೆ. ನಡುವೆ ಒಬ್ಬರು ಮಲಗುವಷ್ಟು ನೆಲ ಕಪ್ಪಗೆ, ನಯವಾಗಿ ಉಳಿದಿತ್ತು. ಎಲ್ಲರೂ ಅದನ್ನು ತುಳಿಯದೆ ಸುತ್ತಿ ನಡೆಯುತ್ತಿದ್ದೆವು.

ಮರುವರ್ಷ ಹಟ್ಟಿಗೆ ಒಂದು ಕಡಸು ಬಂತು. ಅದರ ಮೊದಲ ಸಗಣಿಯನ್ನು ಅತ್ತೆಯೇ ಬುಟ್ಟಿಯಲ್ಲಿ ತಂದು ನನ್ನ ಮುಂದಿಟ್ಟರು. ಬಾಗಿಲಿನ ತನಕ ಎಲ್ಲ ಸಾರಿಸಿದೆ. ಆ ಜಾಗಕ್ಕೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಅಜ್ಜಿ ಕಲಸಿದ ಸಗಣಿ ಈ ಲೋಕದಲ್ಲಿ ಉಳಿದಿದ್ದದ್ದು ಅಲ್ಲಿ ಮಾತ್ರ.