ಜಂಬಣ್ಣನ ಸ್ಕೇಲು ತಿಂದ ನಾಲ್ಕು ಮಿಲಿಮೀಟರು

ಭದ್ರಾವತಿಯಲ್ಲಿ ಕಬ್ಬಿಣ ಕರಗಿಸುವವರ ಪರವಾಗಿ ಕಾರ್ಖಾನೆ ಗೇಟಿನ ಮುಂದೆ ನಾವು ಗಂಟಲು ಹರಿಯುವಷ್ಟು ಕೂಗಿದ್ದೇವೆ. ಆ ಕಬ್ಬಿಣ ಹೊಯ್ಯುವ ಮೊದಲು, ಮರಳಿನಲ್ಲಿ ಅಚ್ಚು ಒತ್ತಲು ಬೇಕಾದ ಮಾದರಿಯನ್ನು, ಅಂದರೆ ಪ್ಯಾಟ್ರನ್ನನ್ನು, ಮರದಲ್ಲಿ ಕೆತ್ತಿಕೊಡುವ ಬಡಗಿ ಮಾತ್ರ ನಮ್ಮ ಯಾವ ಘೋಷಣೆಯಲ್ಲೂ ಬರಲಿಲ್ಲ. ಜಂಬಣ್ಣ ಅಂಥ ಬಡಗಿ. ಮೂವತ್ತೊಂದು ವರ್ಷ ಕೆತ್ತಿದ. ಈಗ ಬಲಗೈ ನಡುಗುತ್ತದೆ. ಟೀ ಲೋಟ ಹಿಡಿದರೆ ಅರ್ಧ ನೆಲಕ್ಕೆ. ಉಳಿ ಹಿಡಿಯುವ ಮಾತೇ ಇಲ್ಲ.

ಅದಕ್ಕೇ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಸಿಎನ್‌ಸಿ ರೂಟರ್ ಇಟ್ಟುಕೊಂಡಿದ್ದ. ಕಂಪ್ಯೂಟರಿನಲ್ಲಿ ಎಳೆದ ಗೆರೆಯ ಮೇಲೆ ತಾನೇ ಓಡಾಡಿ ಮರ ಕೊರೆಯುವ ಯಂತ್ರ. ಚೌಕಟ್ಟು ಪ್ಲೈವುಡ್ಡಿನದು. ಹೆಸರಿನ ಬೋರ್ಡು ಕೊರೆಯಲು ಸಾಕಿತ್ತು. ದಪ್ಪ ತೇಗ ಕೊಟ್ಟರೆ ಮೈಯೆಲ್ಲ ಅಲ್ಲಾಡುತ್ತಿತ್ತು.

ಅಷ್ಟರಲ್ಲಿ ಹೊಳೆಹೊನ್ನೂರಿನ ಲಿಂಗಪ್ಪನ ಅಕ್ಕಿ ಗಿರಣಿಯ ಎರಕದ ಚಕ್ರ ಬಿರುಕು ಬಿಟ್ಟಿತು. ಅಂಥ ಚಕ್ರ ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

"ಪ್ಯಾಟ್ರನ್ ನಾನ್ ಮಾಡ್ಕೊಡ್ತೀನಿ. ಶಿವಮೊಗ್ಗದಲ್ಲಿ ಕಬ್ಬಿಣ ಹೊಯ್ಸ್ಕೋ" ಎಂದ ಜಂಬಣ್ಣ.

ಲಿಂಗಪ್ಪ ಅವನ ಕೈ ನೋಡಿದ. "ಈ ಕೈಲಾ, ಮಾರಾಯ? ಒಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಗಿರಣಿನ ಗುಜರಿಗೆ ಹಾಕ್ತೀನಿ."

ಕೈ ಹೋದರೂ ಕಸುಬು ಹೋಗಿಲ್ಲವೆಂದು ತೋರಿಸಲು ಜಂಬಣ್ಣನಿಗೆ ಇದ್ದದ್ದು ಇದೊಂದೇ ದಾರಿ.

ಪ್ಲೈವುಡ್ ಒಲೆಗೆ ಹೋಯಿತು. ಕಬ್ಬಿಣದ ಚಾನೆಲ್ ತಂದು ಹೊಸ ಚೌಕಟ್ಟಿಗೆ ಬೆಸುಗೆ ಹಾಕಿಸಿದ. ವೆಲ್ಡಿಂಗ್ ಬಿಸಿಗೆ ಒಂದು ಮೂಲೆ ಸೊಟ್ಟಗಾಯಿತು. ಮೂಲೆಯಿಂದ ಮೂಲೆಗೆ ದಾರ ಎಳೆದು ನೋಡಿ, ಬೋಲ್ಟ್ ಸಡಿಲಿಸಿ, ತಗಡಿನ ಚೂರು ಕೊಟ್ಟು ನೇರ ಮಾಡಿದ. ರವೀಂದ್ರನಗರದಲ್ಲಿ ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟಿರುವ ಮಗಳು ಸಮತಾ ಭಾನುವಾರ ಬಂದು ಹಳೆಯ ವೈರು, ಸರ್ಕ್ಯೂಟ್ ಬೋರ್ಡು ಎಲ್ಲ ಕಿತ್ತು, ಜೋರಿನ ಮೋಟರು, ಹೊಸ ಬೋರ್ಡು ಕೂರಿಸಿದಳು. ಮೋಟರು ಎಷ್ಟು ಸುತ್ತಿದರೆ ಎಷ್ಟು ದೂರವೆಂದು ಹೊಸ ಬೋರ್ಡಿಗೆ ಕಲಿಸಬೇಕಲ್ಲ. ಅವಳು ಊಟಕ್ಕೆ ಹೋದಾಗ ಜಂಬಣ್ಣ ತನ್ನ ಸ್ಟೀಲ್ ಸ್ಕೇಲ್ ಇಟ್ಟು ಅದನ್ನೂ ಕಲಿಸಿ ಮುಗಿಸಿದ.

ಚಕ್ರದ ನಕ್ಷೆಯನ್ನು ಸಮತಾ ಕಂಪ್ಯೂಟರಿನಲ್ಲಿ ಎಳೆದಳು. ತೇಗ ಕೊರೆಯಿತು. ಯಂತ್ರ ಅಲ್ಲಾಡಲಿಲ್ಲ. ಲಿಂಗಪ್ಪ ಬಂದು ಹಳೆಯ ಚಕ್ರವನ್ನು ಮರದ ಪ್ಯಾಟ್ರನ್ ಮೇಲಿಟ್ಟ. ಸುತ್ತಲೂ ಮರ ಹೊರಗೆ ಇಣುಕುತ್ತಿತ್ತು.

"ಕೈ ನಡುಗೋದು ಗೊತ್ತಿತ್ತು. ತಲೇನೂ ನಡುಗಕ್ಕೆ ಶುರುವಾಯ್ತಾ?"

"ಕಬ್ಬಿಣ ಆರಿದ್ರೆ ಕುಗ್ಗುತ್ತೆ ಕಣೋ. ನೂರಕ್ಕೊಂದು. ನಾನೂರು ಮಿಲಿಮೀಟರ್ ಅಗಲದ ಚಕ್ರಕ್ಕೆ ಮರ ನಾನೂರ ನಾಲ್ಕು ಇರ್ಬೇಕು."

ಸಮತಾ ಟೇಪ್ ಹಿಡಿದಳು. "ನಾನೂರ ಎಂಟಿದೆ ಅಪ್ಪ."

ಜಂಬಣ್ಣ ತನ್ನ ಸ್ಕೇಲ್ ಹಿಡಿದ. "ನಾನೂರ ನಾಲ್ಕೇ ಇದೆ. ನಿನ್ ಟೇಪ್ ಸುಳ್ಳು."

ಬೆಲ್ಟ್ ನೋಡಿದರು. ಚೌಕಟ್ಟಿಗೆ ಮತ್ತೆ ದಾರ ಎಳೆದರು. ಸಮತಾ ಬೋರ್ಡಿನ ಲೆಕ್ಕ ಎರಡು ಸಲ ತಿರುವಿದಳು. ಎಲ್ಲಾ ಸರಿ, ನಾಲ್ಕು ಮಿಲಿಮೀಟರು ಮಾತ್ರ ಎಲ್ಲಿಂದ ಬಂತೋ ತಿಳಿಯದು. ಕೊನೆಗೆ ಅವಳು ಟೇಪನ್ನು ಬಿಚ್ಚಿ ಸ್ಕೇಲಿನ ಪಕ್ಕ ಮಲಗಿಸಿದಳು. ಸ್ಕೇಲಿನ ಆರುನೂರರ ಗೆರೆಗೆ ಟೇಪಿನಲ್ಲಿ ಆರುನೂರ ಆರು.

ಜಂಬಣ್ಣ ಸ್ಕೇಲನ್ನು ಬೆಳಕಿಗೆ ಹಿಡಿದ. ಪ್ಯಾಟ್ರನ್ ಶಾಪಿನ ಸ್ಕೇಲ್ ಅದು. ಕುಗ್ಗುವ ಲೆಕ್ಕವನ್ನು ಅದರ ಗೆರೆಗಳಲ್ಲೇ ಹಿಗ್ಗಿಸಿ ಕೊರೆದಿರುತ್ತಾರೆ, ಬಡಗಿ ಬೇರೆ ಕೂಡಿಸಬೇಕಿಲ್ಲ. ಮೂವತ್ತೊಂದು ವರ್ಷ ಬೇರೆ ಸ್ಕೇಲ್ ಮುಟ್ಟದ ಕೈಗೆ ಅದೇ ನಿಜವಾದ ಅಳತೆ. ಯಂತ್ರಕ್ಕೂ ಅದನ್ನೇ ಕಲಿಸಿಬಿಟ್ಟಿದ್ದ.

"ನಕ್ಷೆಲಿ ನೀನೂ ಕೂಡ್ಸಿದ್ಯಾ?" ಎಂದು ಮಗಳನ್ನು ಕೇಳಿದ.

"ಚಿಕ್ಕೋಳಿದ್ದಾಗಿಂದ ನೂರಕ್ಕೊಂದು, ನೂರಕ್ಕೊಂದು ಅಂತ ಬಾಯಿಪಾಠ ಮಾಡ್ಸಿದ್ಯಾರು?"

"ಹಂಗಾದ್ರೆ ನಿನ್ನದು ತೆಗಿ. ಮಿಷನ್ನು ಹಿಂಗೇ ಇರ್ಲಿ."

"ನಾಳೆ ಯಾರಾದ್ರೂ ಬಾಗಿಲು ಕೊರ್ಸಕ್ಕೆ ಬಂದ್ರೆ? ಬಾಗಿಲೂ ಕುಗ್ಗುತ್ತಾ?"

ಲಿಂಗಪ್ಪ ನಕ್ಕ. ಜಂಬಣ್ಣ ಸ್ಕೇಲನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಮಗಳ ಟೇಪಿಗೆ ಕೈ ಚಾಚಿದ. ಟೇಪ್ ನಡುಗಿತು. ಅವಳು ಇನ್ನೊಂದು ತುದಿ ಹಿಡಿದಳು. ಟೇಪಿನ ಅಳತೆಯನ್ನೇ ಯಂತ್ರಕ್ಕೆ ಹೊಸದಾಗಿ ಕಲಿಸಿದರು.

ಎರಡನೆಯ ತೇಗ ನಾನೂರ ನಾಲ್ಕಕ್ಕೆ ನಿಂತಿತು. ಲಿಂಗಪ್ಪ ಚಕ್ರ ಇಟ್ಟ, ಸುತ್ತ ಬೆರಳಾಡಿಸಿದ. ಎಲ್ಲ ಕಡೆಯೂ ಎರಡೇ ಮಿಲಿಮೀಟರು.

"ಇಷ್ಟು ಕುಗ್ಗುತ್ತೆ ಅಂತೀಯಾ?"

"ಕುಗ್ಗದಿದ್ರೆ ಬಂದು ಬೈಯಿ."

ಲಿಂಗಪ್ಪ ಪ್ಯಾಟ್ರನನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿಗೆ ಕಟ್ಟಿ, ಶಿವಮೊಗ್ಗದ ಕಡೆಗೆ ಹೊರಟ.