ಹುಳುಮನೆಯ ಹೊರಗೆ ಕೂತೇ

ನನ್ನ ಮೊಮ್ಮಗಳು ಗೆದ್ದಳು. ರೇಷ್ಮೆ ಹುಳುಮನೆಗೆ ಕಾಲಿಡದೆ, ಜಗಲಿಯಲ್ಲಿ ಕೂತೇ ಒಳಗಿನ ಕಂಪ್ಯೂಟರಿನ ತಪ್ಪು ಹಿಡಿದಳು.

ಕಾವು, ತೇವ ನೋಡಿಕೊಳ್ಳಲು ಆ ಪುಟ್ಟ ಕಂಪ್ಯೂಟರನ್ನು ಇಟ್ಟವಳೂ ಅವಳೇ. ಅದು ಆಗಾಗ ನಿಂತುಹೋಗುತ್ತಿತ್ತು. ಹುಳುಗಳು ಪೊರೆ ಬಿಡಲು ಮೇವು ಬಿಟ್ಟು ಜ್ವರಕ್ಕೆ, ಅಂದರೆ ನಿದ್ದೆಗೆ, ಕೂತಿದ್ದವು. ಆಗ ನಾವು ಯಾರನ್ನೂ ಒಳಗೆ ಬಿಡುವುದಿಲ್ಲ. ಕಾವು ತಪ್ಪಿದರೆ ಬೆಳೆಯೇ ಹೋಗುತ್ತದೆ.

"ನಿನ್ನೂ ಒಳಕ್ ಬುಡಾಕಿಲ್ಲ ಕಣ್ಮಗ," ಎಂದೆ.

"ಬುಡ್ಬ್ಯಾಡ ಕಣಜ್ಜಿ. ಇಲ್ಲಿಂದ್ಲೇ ನೋಡ್ತೀನಿ."

ಒಳಗಿನ ಕಂಪ್ಯೂಟರಿನ ಕೆಲಸವನ್ನು ಹೊರಗಿಂದ ತಡೆದು ನೋಡುವ, ಡೀಬಗ್ ಸರ್ವರ್ ಎಂಬ ಪ್ರೋಗ್ರಾಮನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಆ ಕಂಪ್ಯೂಟರಿಗೆ ಹೊಂದುವಂತೆ ಕಟ್ಟಿ, ವೈಫೈಯಲ್ಲಿ ಅದಕ್ಕೆ ಕಳಿಸಿದಳು. ಆ ಪ್ರೋಗ್ರಾಮು ಎರಡು ಸಲ ಕೆಟ್ಟರೂ ಅವಳು ಜಗಲಿಯಿಂದ ಏಳಲಿಲ್ಲ. ಕೊನೆಗೆ ಒಳಗಿನ ಕಂಪ್ಯೂಟರ್ ಮಾಡುವ ಕಾವಿನ ಕೆಲಸ, ತೇವದ ಕೆಲಸ ಎರಡನ್ನೂ ಒಟ್ಟಿಗೆ ತಡೆದು ನೋಡಿ ನಕ್ಕಳು.

"ನಮ್ಮನೆ ಗಂಡಸ್ರಂಗೆ, ನೀನ್ ಮೊದ್ಲು ನೀನ್ ಮೊದ್ಲು ಅಂತ ಎರಡೂ ಒಂದನ್ನೊಂದು ಕಾಯ್ತಾ ಕುಂತವೆ ಅಜ್ಜಿ. ಅದ್ಕೇ ನಿಂತೋಗ್ತಾ ಇರಾದು."

ಅದನ್ನು ಸರಿಪಡಿಸಿದಳು. ಸಂಜೆ ಹುಳುಗಳು ಜ್ವರದಿಂದ ಎದ್ದವು. ಮೊದಲು ಅವಕ್ಕೆ ಸೊಪ್ಪು ಹಾಕಿ, ಆಮೇಲೆ ಮನೆಯವರೆಲ್ಲ ಒಟ್ಟಿಗೆ ಕೂತು ಮುದ್ದೆ ಉಂಡೆವು.